ಕೆಂಪು ಬಾಳೆ ಇದ್ದ ಜಾಗ

ಅಕ್ಕ ಜಯದೇವಿ ಸಂತೆಗೆ ಹೋದ ಹೊತ್ತು ನೋಡಿ ಅಮರನಾಥ ಬಾಳೆ ಕಡಿದ. ಅವಳು ಪುಂಡಿಪಲ್ಯೆ, ಉಳ್ಳಾಗಡ್ಡಿ ತುಂಬಿದ ಚೀಲ ಹಿಡಿದು ಹಿತ್ತಲ ಬಾಗಿಲಿಗೆ ಬಂದಾಗ ಕೆಂಪು ಬಾಳೆಯ ಗಿಡಗಳೆಲ್ಲ ನೆಲಕ್ಕೆ ಮಲಗಿದ್ದವು. ಒಂದರಲ್ಲಿ ಇನ್ನೂ ಬಲಿಯದ ಗೊನೆ ಇತ್ತು. ಅಮರನಾಥ ಬನಿಯನ್ನಿನಲ್ಲಿ ನಿಂತು, ನೆಲದ ಮೇಲೆ ಸುಣ್ಣದ ಪುಡಿಯಿಂದ ದೊಡ್ಡದೊಂದು ಗೆರೆ ಸುತ್ತುತ್ತಿದ್ದ. ಇಲ್ಲಿ ಮೀನಿನ ಹೊಂಡ ಮಾಡುತ್ತೇನೆ ಅಂದ.

ಕಮಲಾಪುರದ ಕೆಂಪು ಬಾಳೆ ಅಂದರೆ ಊರಿನವರಿಗೆ ಜಂಬದ ಮಾತು. ಜಯದೇವಿಗೆ ಈ ಗಿಡಗಳು ಅದಕ್ಕಿಂತ ಹೆಚ್ಚು. ಅವನ್ನು ತಂದು ನೆಲಕ್ಕೆ ಹಚ್ಚಿದವಳು ಅವ್ವ. ಗಂಡ ತೀರಿಕೊಂಡು ಮಹಾಗಾಂವದಿಂದ ತವರಿಗೆ ತಿರುಗಿ ಬಂದ ಮಗಳಿಗೆ, ಹಿತ್ತಲು ನಿನ್ನದು, ಅಲ್ಲಿ ಯಾರೂ ನಿನ್ನನ್ನು ಕೇಳುವುದಿಲ್ಲ ಅಂತ ಅವ್ವ ಎಲ್ಲರೆದುರು ಹೇಳಿದ್ದಳು. ಮನೆ ಅಪ್ಪನದು, ಹೊಲ ಅಪ್ಪನದು, ನಾಳೆ ಎರಡೂ ತಮ್ಮನವು. ಹಿತ್ತಲೊಂದು ಜಯದೇವಿಯದು. ಅವ್ವ ಹೋದ ಮೇಲೂ ಆ ಮಾತು ನಡೆದುಕೊಂಡು ಬಂದಿತ್ತು, ಅಮರನಾಥ ನಿವೃತ್ತನಾಗಿ ಬರುವ ತನಕ.

ಅಮರನಾಥ ಕಲಬುರಗಿಯಲ್ಲಿ ನೀರು ಸರಬರಾಜು ಕಚೇರಿಯಲ್ಲಿದ್ದವನು. ಇಡೀ ನೌಕರಿಯಲ್ಲಿ ಪೈಪಿನ ಫೈಲು ಮುಟ್ಟಿದ್ದನೇ ಹೊರತು ಪೈಪು ಮುಟ್ಟಿದವನಲ್ಲ. ದಸರೆಗೆ ಅಲ್ಲಿಯ ಖೂಬಾ ಪ್ಲಾಟ್ ಬಡಾವಣೆಯ ಮನೆಯನ್ನು ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಮಲ್ಲಿಕಾಗೆ ಬಿಟ್ಟು, ಹೆಂಡತಿ ವಿದ್ಯಾವತಿಯನ್ನು ಕರೆದುಕೊಂಡು ಕಮಲಾಪುರಕ್ಕೆ ಬಂದಿದ್ದ. ಬಿಪಿ ಇತ್ತು. ಬಣ್ಣದ ಮೀನು ನೋಡುತ್ತ ಕೂತರೆ ಬಿಪಿ ಇಳಿಯುತ್ತದೆ, ಹೊಂಡವನ್ನು ತಾನೇ ಅಗೆದರೆ ಇನ್ನೂ ಇಳಿಯುತ್ತದೆ ಅಂತ ಮೊಬೈಲಿನಲ್ಲಿ ಯಾರೋ ಹೇಳಿದ್ದರು.

“ಒಂದು ಮಾತು ಕೇಳಬೇಕಂತ ಅನಸ್ಲಿಲ್ಲೇನು?” ಅಂದಳು ಜಯದೇವಿ.

“ಕೇಳೂದೇನದ ಅಕ್ಕಾ ಇದರಾಗ? ಲೆವೆಲ್ಲು, ಪೈಪು, ನೀರಿನ ಒತ್ತಡ, ಇದೆಲ್ಲಾ ನಿನಗೇನ್ ತಿಳೀತದ?”

ಜಯದೇವಿ ಅಪ್ಪನ ಕಡೆ ನೋಡಿದಳು. ಸಾಯಬಣ್ಣ ಹಿತ್ತಲ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಅಲ್ಲೇ ಕೂತಿದ್ದ. ಮೊದಲ ಗಿಡ ಬಿದ್ದದ್ದನ್ನೂ ಕೊನೆಯ ಗಿಡ ಬಿದ್ದದ್ದನ್ನೂ ನೋಡಿದ್ದ. ಮಗಳ ಕಣ್ಣು ತನ್ನ ಮೇಲೆ ಬಿದ್ದದ್ದೇ ತಡ, ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. “ಬಿಸಲು ಬಂತು” ಅಂದ.

ಜಯದೇವಿ ಚೀಲ ಕೆಳಗಿಟ್ಟಳು. ಸುಣ್ಣದ ಗೆರೆಯನ್ನು ಒಮ್ಮೆ ಪೂರ್ತಿ ನೋಡಿದಳು. ಗೆರೆಯ ಒಂದು ತುದಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರಕ್ಕೆ ಬಂದಿತ್ತು. ಆ ಕಲ್ಲಿನ ಕೆಳಗೆ ಹಳೆಯ ಹಗೇವು ಇತ್ತು. ಹಿಂದೆ ಜೋಳವನ್ನು ನೆಲದೊಳಗೆ ಹಾಕಿಡುತ್ತಿದ್ದ ಗುಂಡಿ ಅದು. ಬಾಯಿ ಒಬ್ಬರು ಇಳಿಯುವಷ್ಟು ಸಣ್ಣದು, ಹೊಟ್ಟೆ ಒಂದು ಕೋಣೆಯಷ್ಟು ದೊಡ್ಡದು. ಜೋಳ ಚೀಲಕ್ಕೆ ಬಂದ ಮೇಲೆ ಅದರ ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಒಗೆಯುವ ಕಲ್ಲು ಹಾಕಿ ಬಿಟ್ಟಿದ್ದರು. ಅದರ ಹೊಟ್ಟೆ ಸುಣ್ಣದ ಗೆರೆಯ ಕೆಳಗೂ ಚಾಚಿದೆ ಅಂತ ಜಯದೇವಿಗೆ ಗೊತ್ತಿತ್ತು. ಯಾಕೆಂದರೆ ಅದರೊಳಗೆ ಇಳಿಯುತ್ತಿದ್ದವಳು ಅವಳೇ. ಸಣ್ಣ ಮೈಯ ಹುಡುಗಿ ಅಂತ ನಡುವಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಒಮ್ಮೆ ಒಳಗಿನ ಕೆಟ್ಟ ಗಾಳಿಗೆ ಎಚ್ಚರ ತಪ್ಪಿ ಬಿದ್ದಾಗ ಅಪ್ಪ ಹಗ್ಗ ಜಗ್ಗಿ ಮೇಲೆ ಎಳೆದಿದ್ದ. ಆಗ ಅಮರನಾಥ ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ. ಅವಳು ತುಂಬಿ ಕೊಟ್ಟ ಜೋಳ ಅಲ್ಲಿಗೆ ಹೋಗುತ್ತಿತ್ತು, ಅವನು ಉಂಡು ಪಾಸಾಗುತ್ತಿದ್ದ. ಹಿತ್ತಲಲ್ಲಿ ಹಗೇವು ಇದ್ದದ್ದು ಅವನ ನೆನಪಿನಲ್ಲೇ ಇರಲಿಲ್ಲ.

ಹೇಳಬಾರದು ಅಂತ ಅವಳು ಆಗಲೇ ನಿಶ್ಚಯ ಮಾಡಿದಳು. ಅಗೆಯಲಿ. ಬೆನ್ನು ಮುರಿಯುವ ಹಾಗೆ ಅಗೆಯಲಿ. ಎಷ್ಟು ನೀರು ಬಿಡುತ್ತಾನೋ ಬಿಡಲಿ, ಹಗೇವು ಕುಡಿಯುತ್ತದೆ.

ಬಿದ್ದ ಗಿಡಗಳ ಬುಡದಲ್ಲಿ ಉಳಿದಿದ್ದ ಮರಿಗಳನ್ನು ಕಿತ್ತು ಅವಳು ಗೋಡೆಯಾಚೆಗಿನ ಮಸ್ತಾನಬಿಗೆ ಕೊಟ್ಟಳು. ಮಸ್ತಾನಬಿ ಅವಳ ಜೊತೆಯವಳು, ಎಷ್ಟೋ ಕಾಲದ ನೆರೆಯವಳು. ಮರಿಗಳನ್ನು ತನ್ನ ಅಂಗಳದ ಮೂಲೆಯಲ್ಲಿ ಮಣ್ಣಿಗೆ ಇಟ್ಟು, ಗೋಡೆಯ ಮೇಲಿಂದ ಹೊಂಡದ ಗೆರೆ ನೋಡಿದಳು.

“ಜಯಕ್ಕಾ, ನಿಮ್ಮ ಹಗೇವು ಅಲ್ಲೇ ಇತ್ತಲ್ಲ?”

“ಇತ್ತೇನೋ. ನನಗೇನ್ ತಿಳೀತದ?” ಅಂದಳು ಜಯದೇವಿ.

ಮಸ್ತಾನಬಿ ಅವಳ ಮುಖ ನೋಡಿ ಗೋಡೆಯಿಂದ ಇಳಿದಳು.

ಮೇಲಿನ ಎರೆಮಣ್ಣು ದೀಪಾವಳಿ ಮಳೆಗೆ ನೆನೆದು ಅಗೆಯುವ ಸನಿಕೆಗೆ ಅಂಟಿಕೊಳ್ಳುತ್ತಿತ್ತು. ಒಂದು ಬುಟ್ಟಿ ಮಣ್ಣು ತೆಗೆಯುವುದರೊಳಗೆ ಅಮರನಾಥ ಎರಡು ಸಲ ಸನಿಕೆ ಕೆರೆಯಬೇಕು. ಕೈಗೆ ಬೊಬ್ಬೆ ಬಂದವು. ವಿದ್ಯಾವತಿ ಅರಿಶಿನ ಎಣ್ಣೆ ಹಚ್ಚುತ್ತ, ಆಳು ಇಟ್ಟುಕೊಳ್ಳಿ ಅಂತ ಬೇಡಿಕೊಂಡಳು. ಆಳುಗಳೆಲ್ಲ ತೊಗರಿಯ ಹೊಲದ ಕಡೆ ಹೋಗಿದ್ದರು, ಇದ್ದರೂ ಅವನು ಕರೆಯುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಎದ್ದು ಬರುವುದರೊಳಗೆ ಒಂದು ಬದಿಯ ಮಣ್ಣೆಲ್ಲ ಜಾರಿ ಬುಡಕ್ಕೆ ಬಿತ್ತು. ಅವನು ಕೈ ತೊಳೆಯದೆ ರೊಟ್ಟಿಯ ಮುಂದೆ ಕೂತ. ಇನ್ನೊಂದು ರೊಟ್ಟಿ ಹಾಕಲೇ ಅಂತ ಜಯದೇವಿ ಅವತ್ತು ಕೇಳಿದಳು. ಬಾಳೆ ಕಡಿದ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು.

ಹೊಂಡ ಎದೆಮಟ್ಟ ಆಯಿತು. ಬದಿಗೆ ಚಪ್ಪಟೆ ಪರಸಿ ಕಲ್ಲು ನಿಲ್ಲಿಸಿ ಸಿಮೆಂಟು ಹಾಕಿದ. ಮಾಳಿಗೆಯ ಟಾಕಿಯಿಂದ ನೀರು ಬರುವುದಕ್ಕೆ ಒಂದು ಪೈಪು, ಹೊಂಡ ತುಂಬಿದರೆ ಹೆಚ್ಚಿನ ನೀರು ಬಚ್ಚಲ ಮೋರಿಗೆ ಹೋಗುವುದಕ್ಕೆ ಇನ್ನೊಂದು. ಎರಡನೆಯದರ ಇಳಿಜಾರು ಉಲ್ಟಾ ಆಗಿತ್ತು. ಮರುದಿನ ಬೆಳಿಗ್ಗೆ ಸಾಯಬಣ್ಣ ಸ್ನಾನ ಮಾಡಿದ ಸೋಪಿನ ನೊರೆ ಮೋರಿಯಿಂದ ಹಿಂದಕ್ಕೆ ಹರಿದು ಹೊಂಡದಲ್ಲಿ ತೇಲಿತು. ಪೈಪಿನ ಅಂಗಡಿಯವನನ್ನು ಬೈದು ಅಮರನಾಥ ಪೈಪು ಬಾಗುವ ಕಡೆಯ ಮೊಣಕೈ ತುಂಡುಗಳನ್ನು ಬದಲಾಯಿಸಿದ. ನೊರೆ ಮತ್ತೆ ಬಂತು. ಆ ವಾರ ಜಯದೇವಿ ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಹೊರಗೆ ತೆಗೆದಳು. ಎಂದೂ ಹೊರಗಿನ ಕಲ್ಲಿನ ಮೇಲೆ ಒಗೆಯುವವಳು, ಬಿಸಿನೀರು ಬೇಕು ಅಂತ ಬಚ್ಚಲಲ್ಲೇ ಕೂತು ಒಗೆದಳು. ಕೌದಿಗಳ ನೀರು ಏನು ಬಣ್ಣ ಇರುತ್ತದೆ ಅಂತ ಹೇಳಬೇಕಾಗಿಲ್ಲ.

ಅಂತೂ ಇಳಿಜಾರು ಸರಿಯಾಯಿತು. ಹೊಂಡ ತೊಳೆದು ಹೊಸ ನೀರು ತುಂಬಿಸಿ ಅಮರನಾಥ ಕಟ್ಟೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡ. ಬೆಳಗಾಗುವುದರೊಳಗೆ ನೀರು ಅರ್ಧಕ್ಕೆ ಇಳಿದಿತ್ತು.

ಅವನು ಪೈಪು ಬಿಚ್ಚಿ ನೋಡಿದ, ಕಟ್ಟಿ ನೋಡಿದ. ಸಿಮೆಂಟು ಬಳಿದ, ಮತ್ತೆ ಬಳಿದ. ಒಂದು ದಿನ ನಿಂತರೆ ಮರುದಿನ ತುಂಬಿಸಿದ ನೀರು ಬೆಳಿಗ್ಗೆ ಇರುತ್ತಿರಲಿಲ್ಲ. ಜಯದೇವಿ ಒಗೆಯುವ ಕಲ್ಲಿನ ಹತ್ತಿರ ಕೂತು ಬಟ್ಟೆ ತಿಕ್ಕುವಾಗ, ಕೈ ನಿಲ್ಲಿಸಿದರೆ, ಕಲ್ಲಿನ ಕೆಳಗೆ ಎಲ್ಲೋ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವಳು ಕೈ ನಿಲ್ಲಿಸಿ ನಿಲ್ಲಿಸಿ ಕೇಳಿದಳು. ಬಹಳ ದಿನಗಳ ಮೇಲೆ ಅವಳ ಮನಸ್ಸಿಗೆ ಸುಖವಾಗುತ್ತಿತ್ತು, ಆ ಸುಖವನ್ನು ಅವಳು ತನ್ನಿಂದ ತಾನು ಮುಚ್ಚಿಡಲೂ ಇಲ್ಲ.

ಅಡುಗೆಮನೆಯಲ್ಲಿ ವಿದ್ಯಾವತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನೀರು ಇಳಿದ ದಿನ ಅಕ್ಕ ಚಹಾಕ್ಕೆ ಶುಂಠಿ ಜಜ್ಜಿ ಹಾಕುತ್ತಾಳೆ. ನೀರು ನಿಂತ ದಿನ ಬರೀ ಚಹಾ. ಗಂಡನಿಗೆ ಹೇಳಿದಳು. ಅವನು ನಕ್ಕ. ಅಕ್ಕನಿಗೆ ಬಾಳೆಯ ಸಂಕಟ, ನಾಲ್ಕು ದಿನಕ್ಕೆ ಮರೆಯುತ್ತಾಳೆ ಅಂದ. ಆಮೇಲೆ ಹೊಂಡದ ಬುಡಕ್ಕೆ ದಪ್ಪ ತಾಡಪತ್ರಿ ಹಾಸಿದ. ಆಗ ನೀರು ನಿಂತಿತು. ಒಂದು ದಿನ ನಿಂತಿತು, ವಾರ ನಿಂತಿತು. ಚಹಾದಲ್ಲಿ ಶುಂಠಿ ನಿಂತಿತು.

ಎಳ್ಳಮವಾಸ್ಯೆಗೆ ಬಂದ ಮಲ್ಲಿಕಾ ಕಲಬುರಗಿಯಿಂದ ಬಸ್ಸಿನಲ್ಲಿ ಮೀನಿನ ಚೀಲವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದಳು. ಕಿತ್ತಳೆ ಬಣ್ಣದವು, ಬಿಳಿಯವು, ಒಂದು ಕರಿಯದು. ಅಪ್ಪ ಮಗಳು ಚೀಲ ಬಿಚ್ಚಿ ಬಿಟ್ಟರು. ಲಿಂಗ ಕಟ್ಟಿದವರ ಮನೆಯಲ್ಲಿ ಮೀನು ಸಾಕಿದ್ದು ನೋಡುವ ದಿನವೂ ಬಂತಲ್ಲ ಅಂತ ಸಾಯಬಣ್ಣ ಗೊಣಗಿದ, ಗೊಣಗುತ್ತಲೇ ಬಗ್ಗಿ ನೋಡಿದ. ಮಲ್ಲಿಕಾ ಒಳಗೆ ಬಂದು ಜಯದೇವಿಯ ಕೊರಳಿಗೆ ಕೈ ಹಾಕಿ, “ಅತ್ತಿ, ಕರೀ ಮೀನಕ್ಕ ನಿನ್ನ ಹೆಸರು ಇಟ್ಟೀನಿ” ಅಂದಳು. ಜಯದೇವಿ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳಿಗೆ ಸಿಟ್ಟು ಇಲ್ಲದಿದ್ದದ್ದು ಮಲ್ಲಿಕಾಳ ಮೇಲೆ ಮಾತ್ರ.

ಮರುದಿನ ಅಮವಾಸ್ಯೆಗೆ ಎಲ್ಲರೂ ಮಹಾಗಾಂವ ರಸ್ತೆಯ ಹೊಲಕ್ಕೆ ಹೋದರು. ಸಜ್ಜೆ ರೊಟ್ಟಿ, ಕಡುಬು, ಭಜ್ಜಿಪಲ್ಯೆ, ಅಂಬಲಿ. ಜೋಳದ ಬೆಳೆಯ ನಡುವೆ ಪೂಜೆ ಮಾಡಿ, ಭೂಮಿತಾಯಿಗೆ ಅಂತ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ಲಿದರು. ಊಟಕ್ಕೆ ಕೂತಾಗ ಸಾಯಬಣ್ಣ ಪೂಜೆಗಿಟ್ಟ ಬಾಳೆಹಣ್ಣು ನೋಡಿ, ಈ ಸಲ ಹಳದಿ ಹಣ್ಣು ಬಂತು ಅಂದ.

“ಮನೀದು ಹೊಂಡ ನುಂಗ್ತಲ್ಲ ಅಪ್ಪಾ. ಕೊಂಡು ತಂದದ್ದು ತಿನ್ನು,” ಅಂದಳು ಜಯದೇವಿ.

ವಿದ್ಯಾವತಿ ಕೈಯಲ್ಲಿದ್ದ ಕಡುಬು ಕೆಳಗಿಟ್ಟಳು. “ಅಕ್ಕಾರ, ಹಬ್ಬದ ದಿನಾರ ಬಿಡ್ರಿ. ಅವರು ಸಮಾಧಾನದಿಂದ ಒಂದು ತುತ್ತು ಉಂಡು ಎಷ್ಟ ದಿನ ಆತು, ಗೊತ್ತದ ಏನ್ರಿ?”

“ನಾ ಉಂಡು ಎಷ್ಟ ದಿನ ಆತು ಅಂತ ಯಾರರ ಕೇಳೀರೇನು?”

ಅಮರನಾಥ ಅಂಬಲಿಯ ಗ್ಲಾಸು ಎತ್ತಿ, ಬಾಳೆಯ ನಾಲ್ಕು ಬೊಡ್ಡೆಗೆ ಇಷ್ಟು ದಿನದ ಸೂತಕ ಎಲ್ಲೂ ನೋಡಿಲ್ಲ ಅಂದ. ಮಲ್ಲಿಕಾ ಒಬ್ಬಳೇ ಎಲ್ಲರಿಗೂ ಬಡಿಸುತ್ತ ತಿರುಗಿದಳು.

ಸಂಜೆ ಮನೆಗೆ ಬಂದ ಮೇಲೆ ವಿದ್ಯಾವತಿ ಬೋಗುಣಿಯಲ್ಲಿ ಉಳಿದ ಚರಗವನ್ನು ಹಿಡಿದು ಹಿತ್ತಲಿಗೆ ಹೋದಳು. ಮನೆಯಲ್ಲಿ ಹೊಸ ನೀರು ಬಂದಿದೆ, ಗಂಗವ್ವನಿಗೂ ಚರಗ ಮುಟ್ಟಬೇಕು ಅಂತ ಅವಳ ಭಕ್ತಿ. ಎಣ್ಣೆ ತೇಲುವ ಭಜ್ಜಿಪಲ್ಯೆ, ಹುಳಿ ಅಂಬಲಿ, ಕಡುಬಿನ ಚೂರು ಎಲ್ಲವನ್ನೂ ಹೊಂಡಕ್ಕೆ ಚೆಲ್ಲಿ, ಅರಿಶಿನ ಕುಂಕುಮ ಹಾಕಿ, ಕೈ ಮುಗಿದಳು. ಜಯದೇವಿ ಅಡುಗೆಮನೆಯ ಕಿಟಕಿಯಿಂದ ಮೊದಲಿನಿಂದ ಕೊನೆಯ ತನಕ ನೋಡಿದಳು. ಮೀನಿನ ನೀರಿಗೆ ಎಣ್ಣೆ ಆಗದು ಅಂತ ಹೇಳುವುದಕ್ಕೆ ಓದು ಬೇಕಾಗಿರಲಿಲ್ಲ. ಅವಳು ಕಿಟಕಿ ಮುಚ್ಚಿದಳು.

ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ಕರಿಯದೂ ಸೇರಿ. ವಿದ್ಯಾವತಿ ಬಚ್ಚಲಲ್ಲಿ ಕೂತು ಅತ್ತಳು. ಮಲ್ಲಿಕಾ ಅಡುಗೆಮನೆಗೆ ಬಂದು ನಿಂತಳು. ಕಿಟಕಿ ನೋಡಿದಳು, ಕಿಟಕಿಯಿಂದ ಕಾಣುವ ಹೊಂಡ ನೋಡಿದಳು.

“ಅತ್ತಿ, ಅವ್ವ ಚರಗ ಹಾಕೂದು ನೀ ನೋಡಿದಿ?”

ಜಯದೇವಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ. “ನೋಡಿದೆ,” ಅಂದಳು.

ಮಲ್ಲಿಕಾ ಚಹಾ ಕುಡಿಯದೆ ಮುಂಜಾನೆಯ ಬಸ್ಸಿಗೆ ಹೋದಳು. ಹೋಗುವಾಗ ಮುತ್ಯಾ ಸಾಯಬಣ್ಣನ ಕಾಲು ಮುಟ್ಟಿದಳು, ಅತ್ತೆಯ ಕಡೆ ತಿರುಗಲಿಲ್ಲ. ಜಯದೇವಿ ಬಸ್ಸಿನ ಸದ್ದು ದೂರಾಗುವ ತನಕ ಬಾಗಿಲಲ್ಲೇ ನಿಂತಳು. ಆದರೂ ಸಿಟ್ಟು ಇಳಿಯಲಿಲ್ಲ. ಇದನ್ನೂ ತಮ್ಮನ ಲೆಕ್ಕಕ್ಕೇ ಹಾಕಿದಳು. ಅವನು ಬಾಳೆ ಕಡಿಯದಿದ್ದರೆ ಹುಡುಗಿ ಮುಖ ತಿರುಗಿಸುತ್ತಿದ್ದಳೇ?

ಮೀನು ಸತ್ತ ಮೇಲೆ ಅಮರನಾಥನಿಗೆ ಹಟ ಏರಿತು. ನೀರನ್ನೆಲ್ಲ ಹೊರಗೆ ಚೆಲ್ಲಿ ತಾಡಪತ್ರಿ ಎತ್ತಿದ. ಒಗೆಯುವ ಕಲ್ಲಿನ ಕಡೆಯ ಮೂಲೆಯಲ್ಲಿ ಬುಡ ಕುಸಿದು ತಟ್ಟೆಯ ಹಾಗೆ ತಗ್ಗಾಗಿತ್ತು. ದೋಷ ಇಲ್ಲೇ ಇದೆ, ಇದನ್ನು ಗಟ್ಟಿ ನೆಲ ಸಿಗುವ ತನಕ ಒಡೆದು ಕಾಂಕ್ರೀಟು ತುಂಬುತ್ತೇನೆ ಅಂದ. ಮುಂದಿನ ಭಾನುವಾರ ಮಲ್ಲಿಕಾ ಬಂದಳು. ಅವಳಿಗೂ ಅಪ್ಪನ ಹಟವೇ ಬಂದಿತ್ತು. ಚೂಡಿದಾರದ ಓಢಣಿ ನಡುವಿಗೆ ಬಿಗಿದು ಅಪ್ಪನ ಹಿಂದೆ ಹೊಂಡಕ್ಕೆ ಇಳಿದಳು. ಅವನು ಕಬ್ಬಿಣದ ಹಾರಿಯಿಂದ ಅಗೆಯುವುದು, ಅವಳು ಬುಟ್ಟಿ ತುಂಬುವುದು.

ಜಯದೇವಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹಾರಿಯ ಏಟು ಒಂದೊಂದಾಗಿ ಕೇಳುತ್ತಿತ್ತು. ಗಟ್ಟಿ ನೆಲದ ಸದ್ದು. ಮತ್ತೆ ಗಟ್ಟಿ ನೆಲದ ಸದ್ದು. ಆಮೇಲಿನ ಏಟಿಗೆ ಸದ್ದು ಬದಲಾಯಿತು. ಬರಿದಾದ ನೀರಿನ ರಂಜಣಿಗೆ ಹೊರಗಿನಿಂದ ಬಡಿದ ಹಾಗೆ. ಆ ಸದ್ದಿನ ಒಳಗೆ ಅವಳು ಒಂದು ಕಾಲಕ್ಕೆ ನಿಂತಿದ್ದಳು, ನಡುವಿಗೆ ಹಗ್ಗ ಕಟ್ಟಿಕೊಂಡು. ಕೈಯಲ್ಲಿನ ಹಿಟ್ಟು ಹಾಗೆಯೇ ಬಿಟ್ಟು ಅವಳು ಹಿತ್ತಲಿಗೆ ಓಡಿದಳು.

“ಮಲ್ಲಿಕಾ, ಮ್ಯಾಲೆ ಬಾ. ಅಮರಾ, ಹಾರಿ ಅಲ್ಲೇ ಬಿಡು. ಇಬ್ಬರೂ ಮ್ಯಾಲೆ ಬರ್ರಿ.”

ಅಮರನಾಥ ಹಣೆ ಒರೆಸಿಕೊಂಡು, ಸುಮ್ಮನೆ ರೊಟ್ಟಿ ಮಾಡು ಹೋಗು ಅಂದ. ಹಾರಿ ಎತ್ತಿದ.

“ನಿನ್ನ ಕಾಲ ಕೆಳಗ ಹಗೇವು ಅದ. ಮ್ಯಾಲಿನ ಮಣ್ಣು ಒಂದು ಗೇಣೂ ಉಳಿದಿಲ್ಲ. ಒಳಗ ಬಿದ್ರ ಆ ಗಾಳಿಗೆ ಜೀವ ಉಳಿಯಂಗಿಲ್ಲ.”

ಅವಳ ಮುಖ ನೋಡಿ ಮಲ್ಲಿಕಾ ಮೊದಲು ಏರಿದಳು. ಜಯದೇವಿ ಅವಳ ರಟ್ಟೆ ಹಿಡಿದು ಎಳೆದುಕೊಂಡಳು. ಆಮೇಲೆ ಅಮರನಾಥನೂ ಬಂದ, ಬೇಸರದಿಂದ, ನಿಧಾನವಾಗಿ, ಹಾರಿಯನ್ನು ಆ ಮೂಲೆಯಲ್ಲೇ ನೆಟ್ಟು. ಅವನು ಮೇಲೆ ಕಾಲಿಟ್ಟು ಮೈಯ ಮಣ್ಣು ಕೊಡವಿಕೊಳ್ಳುವಾಗ ಹಾರಿ ವಾಲಿತು. ನೋಡುತ್ತಿದ್ದ ಹಾಗೆ ಮೂಲೆಯ ನೆಲ ಒಳಕ್ಕೆ ಇಳಿಯಿತು, ಹಾರಿ ಕಾಣದಾಯಿತು. ಕೊಳೆತ ಹುಳಿ ವಾಸನೆ ಹಿತ್ತಲ ತುಂಬ ಬಂತು.

ಜಯದೇವಿ ದೇವರ ಮನೆಯ ಹಣತೆಯನ್ನು ಬಕೀಟಿನಲ್ಲಿಟ್ಟು, ಹಗ್ಗ ಕಟ್ಟಿ, ಆ ತೂತಿನೊಳಗೆ ಇಳಿಬಿಟ್ಟಳು. ಎಲ್ಲರೂ ದೂರದಿಂದ ಬಗ್ಗಿ ನೋಡಿದರು. ಎರಡು ಮೊಳ ಇಳಿಯುವುದರೊಳಗೆ ದೀಪ ಆರಿತು. ಅವಳು ಬಕೀಟು ಎತ್ತಿ ತಮ್ಮನ ಮುಂದೆ ಇಟ್ಟಳು. ಅಮರನಾಥ ಆರಿದ ಬತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಯಾವಾಗಿಂದ ಗೊತ್ತಿತ್ತು ನಿನಗ?”

“ನೀ ಸುಣ್ಣದ ಗೆರಿ ಹಾಕಿದ ದಿನದಿಂದ.”

ವಿದ್ಯಾವತಿ ಮಗಳನ್ನು ತಬ್ಬಿಕೊಂಡು, ನನ್ನ ಗಂಡನನ್ನೂ ಮಗಳನ್ನೂ ಕೊಲ್ಲಬೇಕಂತ ಇದ್ದಿರೇನು ಅಂತ ಕೇಳಿದಳು. ಜಯದೇವಿ ಅವಳ ಕಡೆ ತಿರುಗಿದಳು. “ನೀರು ಹೋಗ್ಲಿ ಅಂತ ಸುಮ್ನಿದ್ದೆ. ಜೀವದ ಮಾತು ಬಂದಾಗ ಓಡಿ ಬಂದೀನಿ. ಇಬ್ಬರೂ ಮ್ಯಾಲೆ ನಿಂತಾರ, ನೋಡ್ಕೋ.”

ಅಮರನಾಥ ಕಟ್ಟೆಯ ಮೇಲಿದ್ದ ಅಪ್ಪನನ್ನು ನೋಡಿದ. ಹಗೇವು ಅಗೆಸಿದವನು, ಅದರ ಬಾಯಿ ಮುಚ್ಚಿಸಿದವನು ಅವನೇ ಅಲ್ಲವೇ? ನಿನಗೂ ಗೊತ್ತಿತ್ತೇನು ಅಂತ ಕೇಳಿದ.

“ಗೊತ್ತಿತ್ತು,” ಅಂದ ಸಾಯಬಣ್ಣ. “ಈ ಹಿತ್ತಲದಾಗ ಜಲಮ ಸವೆಸಿದಾಕಿ ಅಕಿ. ನೀ ಅಕಿನ್ನ ಒಂದು ಮಾತು ಕೇಳ್ತೀಯೋ ಇಲ್ಲೋ, ನೋಡೋಣಂತ ಕೂತಿದ್ದೆ.”

ಅಮರನಾಥ ತಲೆ ತಗ್ಗಿಸಿದ. ಮಗಳ ಪರವಾಗಿ ಕೊನೆಗೂ ಒಂದು ಮಾತಾಡಿದೆ ಅನ್ನುವ ಧೈರ್ಯದಲ್ಲಿ ಮುದುಕ ಜಯದೇವಿಯನ್ನು ನೋಡಿದ. ಅವಳ ಮುಖದಲ್ಲಿ ಅವನು ಹುಡುಕಿದ್ದು ಸಿಗಲಿಲ್ಲ.

“ಬಾಳಿ ಕಡದ ದಿನ ನಾ ನಿನ್ನ ಕಡೆ ನೋಡಿದ್ರ ನೀ ಯಾಕ ಕುರ್ಚಿ ತಿರುವಿದಿ ಅಪ್ಪಾ?” ಅಂತ ಅವಳು ಕೇಳಿದಳು.

ಸಾಯಬಣ್ಣ ಧೋತರದ ಅಂಚು ಸರಿಮಾಡಿಕೊಂಡ. ಬಿಸಿಲಿತ್ತು ಅಂದ.

ಅವಳು ಒಳಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಲಾಗಿತ್ತು. ಅವತ್ತು ಊಟಕ್ಕೆ ಕೂತಾಗ ಅದನ್ನು ಎರಡು ತುಂಡು ಮಾಡಿ, ಒಂದನ್ನು ಅಪ್ಪನ ತಾಟಿಗೆ, ಒಂದನ್ನು ತಮ್ಮನ ತಾಟಿಗೆ ಹಾಕಿದಳು. ಇಬ್ಬರೂ ಪುಂಡಿಪಲ್ಯೆ ಹಚ್ಚಿಕೊಂಡು ಚೂರು ಬಿಡದೆ ತಿಂದರು. ಮಲ್ಲಿಕಾ ಅತ್ತೆಯ ಪಕ್ಕದಲ್ಲಿ ಬಂದು ಕೂತಳು, ಆದರೆ ಕಣ್ಣು ತಾಟಿನ ಮೇಲೇ ಇಟ್ಟಳು. ಕರಿಯ ಮೀನು ಇನ್ನೂ ಇಬ್ಬರ ನಡುವೆ ಇತ್ತು.

ತೂತನ್ನು ಬಹಳ ದಿನ ತೆರೆದು ಬಿಟ್ಟು, ಹತ್ತಿರ ಯಾರೂ ಹೋಗದ ಹಾಗೆ ಮುಳ್ಳು ಹಚ್ಚಿದರು. ಆಮೇಲೆ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ ಹಗೇವನ್ನೂ ಹೊಂಡವನ್ನೂ ಒಟ್ಟಿಗೆ ತುಂಬಿಸಿದರು. ಪರಸಿ ಕಲ್ಲು ಗೋಡೆಗೆ ಒರಗಿದವು. ಟಾಕಿಯಿಂದ ಬಂದ ಪೈಪಿನ ಬಾಯಿ ಒಂದು ಮಾತ್ರ ನೆಲದ ಮೇಲೆ ಉಳಿಯಿತು.

ಬಾಳೆಯ ಮರಿ ಎಲ್ಲಿವೆ ಅಂತ ಗೋಡೆಯ ಮೇಲಿಂದ ನೋಡಿ ಮಲ್ಲಿಕಾ ಅಪ್ಪನಿಗೆ ಹೇಳಿರಬೇಕು. ಒಂದು ಸಂಜೆ ಅಮರನಾಥ ಮಸ್ತಾನಬಿಯ ಮನೆಗೆ ತಾನೇ ಹೋಗಿ, ಬಾಗಿಲಲ್ಲಿ ನಿಂತು ಕೇಳಿ, ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ. ಬೇರಿನ ಮಣ್ಣು ಅವನ ಬಿಳಿ ಅಂಗಿಯ ಮೇಲೆ ಇಳಿದಿತ್ತು. ಸಾಯಬಣ್ಣ ಕಟ್ಟೆಯ ಒಂದು ಬದಿಗೆ ಚಾಪೆಯ ಮೇಲೆ ಒರಗಿದ್ದ. ಅವನ ಕುರ್ಚಿಯಲ್ಲಿ ಜಯದೇವಿ ಚಹಾ ಹಿಡಿದು ಕೂತಿದ್ದಳು. ಅಮರನಾಥ ಬುಟ್ಟಿ ಇಳಿಸಿ, ಸನಿಕೆ ಹಿಡಿದು ಅವಳ ಮುಂದೆ ನಿಂತ.

“ಅಕ್ಕಾ, ಎಲ್ಲಿ ಹಚ್ಲಿ?”

“ಜೋರಾಗಿ ಕೇಳು. ಅಪ್ಪಗ ಕೇಳಿಸ್ಲಿ.”

ಅವನು ಜೋರಾಗಿ ಕೇಳಿದ. ಗೋಡೆಯ ಮೇಲೆ ಮಸ್ತಾನಬಿಯ ತಲೆ ಕಾಣಿಸಿತು. ವಿದ್ಯಾವತಿ ಅಡುಗೆಮನೆಯ ಕಿಟಕಿಗೆ ಬಂದಳು. ಸಾಯಬಣ್ಣ ಚಾಪೆಯ ಮೇಲೆ ಎದ್ದು ಕೂತ. ಜಯದೇವಿ ಚಹಾ ಪೂರ್ತಿ ಕುಡಿದಳು. ತಳದಲ್ಲಿ ಉಳಿದ ಶುಂಠಿಯ ಚೂರನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡಳು.

“ನನಗೇನ್ ತಿಳೀತದೋ ತಮ್ಮಾ,” ಅಂದಳು.

ಎದ್ದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಹಿತ್ತಲಿಗೆ ಬೆನ್ನು ಮಾಡಿ ಕೂತಳು. ಹೊತ್ತು ಮುಳುಗುತ್ತಿತ್ತು, ಬಿಸಿಲಿನ ಸುಳಿವೂ ಇರಲಿಲ್ಲ. ಬಿಸಲು ಬಂತು ಅಂತ ಅಪ್ಪನಿಗೆ ಕೇಳುವ ಹಾಗೆ ಹೇಳಿದಳು. ಅವಳ ಬೆನ್ನ ಹಿಂದೆ ಸನಿಕೆ ಮಣ್ಣಿಗೆ ಇಳಿಯುವ ಸದ್ದು ಕೇಳುವುದಕ್ಕೆ ಬಹಳ ಹೊತ್ತಾಯಿತು.